ಡೋಣಿವ್ವನ ಎರಡನೇ ಆಟ

ಫೋನು ಬಂದಾಗ ವಿದ್ಯಾವತಿ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈಗೆ ಹಿಟ್ಟು ಮೆತ್ತಿದ್ದರಿಂದ ಮಗಳು ರೂಪಾಲಿ ಮೊಬೈಲನ್ನು ತಾಯಿಯ ಕಿವಿಗೆ ಹಿಡಿದು ಪಕ್ಕದಲ್ಲಿ ಕೂತಳು. ಪಡಸಾಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ರುಕ್ಮವ್ವನಿಗೆ ಒಳಗಿನ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಹೌದ್ರಿ ಟೀಚರ್, ಇಲ್ರಿ ಟೀಚರ್, ಮನ್ಯಾಗ ಕೇಳಿ ಹೇಳ್ತೀನ್ರಿ ಟೀಚರ್. ಸೊಸೆ ಹೀಗೆ ಟೀಚರ್ ಎಂದು ಕರೆಯುವವರು ಒಬ್ಬರೇ: ವಿಜಯಪುರದಲ್ಲಿ ಹುಡುಗಿಯರಿಗೆ ಕುಣಿತ ಕಲಿಸುವ ಶಾಂತಾದೇವಿ. ಆ ಹೆಸರು ಈ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಯಾರ ಬಾಯಲ್ಲೂ ಬಂದಿರಲಿಲ್ಲ. ರುಕ್ಮವ್ವ ಬೆಳ್ಳುಳ್ಳಿಯ ಮೊರವನ್ನು ಬದಿಗೆ ಸರಿಸಿ ಒಳಗಿನ ಮಾತಿಗೆ ಕಿವಿಗೊಟ್ಟಳು.

ಜತ್ತದ ಸೀಮೆಯ ಉಟಗಿಯಲ್ಲಿ ಅವರದು ಹಳೆಯ ಮನೆತನ. ಊರ ಹೊರಗೆ ಜೋಳ ತೊಗರಿ ಬೆಳೆಯುವ ಹೊಲ, ಬಸ್ ನಿಲ್ದಾಣದ ಹತ್ತಿರ ಬೀಜ ಗೊಬ್ಬರದ ಅಂಗಡಿ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಹೊಲ ಇನ್ನೂ ಮಾವ ಗುರುಲಿಂಗಪ್ಪನ ಕೈಯಲ್ಲಿತ್ತು, ಅಂಗಡಿ ಮಗ ವಿಜಯಕುಮಾರನ ಕೈಯಲ್ಲಿ. ಅಡುಗೆಮನೆ ಮಾತ್ರ ಯಾರ ಕೈಯಲ್ಲಿದೆ ಎಂದು ಕೇಳಿದರೆ ಎಲ್ಲರೂ ರುಕ್ಮವ್ವನ ಹೆಸರು ಹೇಳುತ್ತಿದ್ದರು, ಕೆಲಸ ವಿದ್ಯಾವತಿಯದಾಗಿತ್ತು.

ದೀಪ ಹಚ್ಚಿದ ಮೇಲೆ ಗಂಡಸರು ಊಟಕ್ಕೆ ಕೂತಾಗ ವಿದ್ಯಾವತಿ ಪುಂಡಿಪಲ್ಲೆ ಬಡಿಸುತ್ತ ವಿಷಯ ತೆಗೆದಳು. ಟೀಚರ್ ‘ಡೋಣಿವ್ವ’ ನೃತ್ಯನಾಟಕವನ್ನು ಮತ್ತೆ ಆಡಿಸುತ್ತಿದ್ದಾರೆ. ಸಂಕ್ರಮಣ ದಾಟಿದ ಮೇಲೆ ವಿಜಯಪುರದಲ್ಲಿ ಪ್ರದರ್ಶನ. ಡೋಣಿ ಹೊಳೆಯ ಪಾತ್ರಕ್ಕೆ ಹೊಸ ಹುಡುಗಿ ಸಿಕ್ಕಿದ್ದಾಳೆ. ಆಕೆಯ ತಾಯಿಯಾದ ಗುಡ್ಡದ ಪಾತ್ರಕ್ಕೆ ನನ್ನನ್ನು ಕರೆದಿದ್ದಾರೆ. ಅಲ್ಲಿಯವರೆಗೆ ರವಿವಾರಕ್ಕೊಮ್ಮೆ ತಾಲೀಮಿಗೆ ಹೋಗಬೇಕು. ಇಷ್ಟನ್ನು ಅವಳು ಉಪ್ಪು ಖಾರ ಸರಿಯಾಗಿದೆಯೇ ಎಂದು ಕೇಳುವ ದನಿಯಲ್ಲೇ ಹೇಳಿದಳು.

ವಿಜಯಕುಮಾರ ತುತ್ತು ನುಂಗಿ, ತೊಗರಿ ರಾಶಿಯ ಹೊತ್ತಿನಲ್ಲಿ ಇದೆಲ್ಲ ಹೇಗಾದೀತು, ಆಳುಗಳಿಗೆ ಬುತ್ತಿ ಯಾರು ಕಟ್ಟುತ್ತಾರೆ, ನಲವತ್ತರ ಹತ್ತಿರ ಬಂದವಳು ಸ್ಟೇಜ್ ಹತ್ತಿದರೆ ಅಂಗಡಿಯ ಮುಂದೆ ಕೂತವರು ಏನೆಂದಾರು ಎಂದು ಒಂದೊಂದೇ ಕೇಳತೊಡಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಕಂಪನಿಯ ಬೀಜದ ಬಗ್ಗೆಯೂ ಅವನು ಹೀಗೆಯೇ ಕೇಳುತ್ತಿದ್ದ. ಗುರುಲಿಂಗಪ್ಪ ಮಜ್ಜಿಗೆ ಕುಡಿದು ತಂಬಿಗೆ ಕೆಳಗಿಟ್ಟ. ಯಾರೂ ಕೇಳದಿದ್ದರೂ ರುಕ್ಮವ್ವ ನಡುವೆ ಬಾಯಿ ಹಾಕಿದಳು.

"ನಾ ಅಂತೂ ನೋಡಾಕ ಬರೂದಿಲ್ಲ. ಒಮ್ಮಿ ನೋಡೇನಿ. ಅದು ಹಾಂಗ ಇರಲಿ."

ವಿದ್ಯಾವತಿ ಪಲ್ಲೆಯ ಸೌಟನ್ನು ಪಾತ್ರೆಯೊಳಗಿಟ್ಟಳು.

"ಬರ್ರಿ ಅಂತ ನಾ ಇನ್ನೂ ಅಂದಿಲ್ರಿ, ಅತ್ತಿ."

ಆ ಒಮ್ಮೆ ನೋಡಿದ್ದು ಹೇಗಾಯಿತೆಂದರೆ, ವಿಜಯಕುಮಾರನ ಮದುವೆಗೂ ಮೊದಲು, ರುಕ್ಮವ್ವ ತಮ್ಮನ ಮನೆಗೆಂದು ವಿಜಯಪುರಕ್ಕೆ ಹೋಗಿದ್ದಳು. ತಮ್ಮನ ಹೆಂಡತಿ ಒತ್ತಾಯ ಮಾಡಿ ‘ಡೋಣಿವ್ವ’ ನೋಡಲು ಕರೆದುಕೊಂಡು ಹೋದಳು. ಉಟಗಿಯ ಕಡೆಯ ಜತ್ತದ ಗುಡ್ಡದಲ್ಲಿ ಹುಟ್ಟಿ, ವಿಜಯಪುರದ ಎರೆಹೊಲಗಳನ್ನು ತಿರುಗಿ, ಕೊನೆಗೆ ಕೃಷ್ಣೆಗೆ ಸೇರುವ ಡೋಣಿ ಹೊಳೆಯದೇ ಕಥೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಗಾದೆ ರುಕ್ಮವ್ವನಿಗೆ ಹುಟ್ಟಿನಿಂದ ಗೊತ್ತು, ಆದರೆ ಹೊಳೆ ಹೆಣ್ಣಾಗಿ ಬಂದು ಎದುರಿಗೆ ನಿಂತದ್ದನ್ನು ಅವಳು ಕಂಡಿರಲಿಲ್ಲ. ಮೊದಲು ಮಗುವಿನಂತೆ ಕಲ್ಲಿನಿಂದ ಕಲ್ಲಿಗೆ ಜಿಗಿಯುವ ನೀರು. ಆಮೇಲೆ ಮಳೆಗಾಲದ ಸೊಕ್ಕಿನ ನೀರು. ಕೊನೆಗೆ ಕೃಷ್ಣೆಯ ದಂಡೆಯಲ್ಲಿ ಆ ಹುಡುಗಿ ಒಂದು ಕಾಲನ್ನು ಮುಂದಿಟ್ಟು, ಇನ್ನೊಂದನ್ನು ಎತ್ತಲಾರದೆ, ಬಂದ ದಾರಿಯ ಕಡೆ ಕತ್ತು ತಿರುಗಿಸಿ ಒಮ್ಮೆ ನೋಡಿದಳು. ಇಡೀ ಸಭಾಗೃಹ ಉಸಿರು ಹಿಡಿಯಿತು. ರುಕ್ಮವ್ವ ತಾನು ತೌರು ಬಿಟ್ಟ ದಿನವೂ ಅತ್ತಿರಲಿಲ್ಲ. ಅವತ್ತು ಅತ್ತಳು.

ಮರುದಿನವೇ ಅವಳು ಶಾಂತಾದೇವಿಯ ಮನೆ ಹುಡುಕಿಕೊಂಡು ಹೋಗಿ ಆ ಹುಡುಗಿ ಯಾರೆಂದು ವಿಚಾರಿಸಿದಳು. ಸಾಲಿಮಾಸ್ತರರ ಮಗಳು, ತಮ್ಮದೇ ಪೈಕಿ, ಹೆಸರು ವಿದ್ಯಾವತಿ. ಮನೆಗೆ ಬಂದವಳು ಗಂಡನಿಗೂ ಮಗನಿಗೂ ಬೇರೆ ಹುಡುಗಿಯ ಹೆಸರು ಎತ್ತಗೊಡಲಿಲ್ಲ. ಮಾತುಕತೆಯಲ್ಲಿ ಮಾಸ್ತರರು ಒಂದೇ ಕೇಳಿದ್ದು: ಮದುವೆಯ ನಂತರವೂ ಹುಡುಗಿ ಕುಣಿಯಬಹುದೇ? ಅದಕ್ಕೇನಂತೆ ಎಂದು ಗುರುಲಿಂಗಪ್ಪ ಅಂದಿದ್ದ. ಬೀಗರೆದುರು ನಗುತ್ತ, ಡೋಣಿ ನಮ್ಮ ಗುಡ್ಡದಿಂದ ಇಳಿದು ನಿಮ್ಮ ಕಡೆ ಹೋಗತಾಳ, ನಮ್ಮ ಸೊಸಿ ನಿಮ್ಮ ಕಡೆಯಿಂದ ಹತ್ತಿ ಬರ್ತಾಳ ಎಂದೂ ಸೇರಿಸಿದ್ದ.

ಮದುವೆಯಾಗಿ ಆರು ತಿಂಗಳಿಗೆ ಶಾಂತಾದೇವಿ ತಾವೇ ಉಟಗಿಗೆ ಬಂದರು. ಸೊಲ್ಲಾಪುರದಲ್ಲಿ ‘ಡೋಣಿವ್ವ’ ಆಡಬೇಕೆಂದು ಕರೆ ಬಂದಿತ್ತು. ಅವರಿಗೆ ಪಡಸಾಲೆಯಲ್ಲಿ ಚಹಾ ಕೊಟ್ಟು ರುಕ್ಮವ್ವ, ನಮ್ಮ ಸೊಸೆಗೆ ಈಗ ಅದರ ಕಡೆ ಮನಸ್ಸಿಲ್ಲ, ಸಂಸಾರದಲ್ಲಿ ಬಿದ್ದಿದ್ದಾಳೆ ಎಂದು ಹೇಳಿ ಕಳಿಸಿದಳು. ವಿದ್ಯಾವತಿ ಒಳಗೆ ಹಿಟ್ಟು ನಾದುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಅವಳು ಕೇಳಿಸಿಕೊಂಡಳೆಂದು ರುಕ್ಮವ್ವನಿಗೆ ಗೊತ್ತಿತ್ತು, ಗೊತ್ತಿದೆಯೆಂದು ವಿದ್ಯಾವತಿಗೂ ಗೊತ್ತಿತ್ತು. ಹಾಗೇಕೆ ಹೇಳಿದೆ ಎಂದು ಆಗ ಯಾರಾದರೂ ಕೇಳಿದ್ದರೆ ರುಕ್ಮವ್ವ ಓಣಿಯ ಹೆಂಗಸರ ಬಾಯಿಗೆ ಹೆದರಿ ಎನ್ನುತ್ತಿದ್ದಳೇನೋ. ನಿಜವೆಂದರೆ, ಮನೆಗೆ ತಂದುಕೊಂಡದ್ದನ್ನು ಇನ್ನು ಊರಮಂದಿ ಯಾಕೆ ನೋಡಬೇಕು ಎನ್ನಿಸಿತ್ತು. ಒಮ್ಮೆ ಪಂಚಮಿಗೆ ನೆರೆಯ ಹೆಂಗಸರು ಸೇರಿದಾಗ, ಸ್ವಲ್ಪ ಮಾಡಿ ತೋರಸು ಎಂದು ಅವಳೇ ಸೊಸೆಯನ್ನು ಕೇಳಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಅದು ಬರುವುದಿಲ್ಲ ಎಂದು ವಿದ್ಯಾವತಿ ಹೇಳಿದಳು. ಅದರ ಮಾತು ಅಲ್ಲಿಗೆ ನಿಂತಿತು. ಆಮೇಲೆ ರೂಪಾಲಿ ಹುಟ್ಟಿದಳು, ಸಾಲಿಗೆ ಹೋದಳು, ಜತ್ತದ ಕಾಲೇಜು ಸೇರಿದಳು. ಹದಿನೆಂಟು ವರ್ಷ ಹೋದವು.

ಊಟವಾದ ಮೇಲೆ ಗುರುಲಿಂಗಪ್ಪ ಮಗನನ್ನು ಕರೆದು, ಅವತ್ತು ಬೀಗರಿಗೆ ಮಾತು ಕೊಟ್ಟವನು ನಾನು, ಕೇಳಬೇಕಾದ್ದು ನನ್ನನ್ನು, ಹೋಗಲಿ ಎಂದ. ಹೆಂಡತಿಯ ಕಡೆ ನೋಡದೆ ಎಂದ. ಬೈದಿದ್ದರೆ ರುಕ್ಮವ್ವ ತಿರುಗಿ ಏನಾದರೂ ಅನ್ನಬಹುದಿತ್ತು.

ಮೊದಲ ರವಿವಾರ ವಿದ್ಯಾವತಿ ಬೆಳಗಿನ ಬಸ್ಸಿಗೆ ಹೋದಳು. ಹೊಲದ ಆಳುಗಳಿಗೆ ಬುತ್ತಿ ಕಟ್ಟುವ ಕೆಲಸವನ್ನು ರುಕ್ಮವ್ವ ಹಟ ಹಿಡಿದು ತಾನೇ ತೆಗೆದುಕೊಂಡಳು. ಓಣಿಯಲ್ಲೆಲ್ಲ ಹೆಸರಾಗಿದ್ದ ಅವಳ ರೊಟ್ಟಿ ಈಗ ಅಂಚಿನಲ್ಲಿ ಬಿರಿಯುತ್ತಿತ್ತು. ಮೊಣಕಾಲು ಮಡಚಿದರೆ ಬಿಚ್ಚಲು ಬಾರದು. ರೂಪಾಲಿ ಮಾಡಿದ ಕಡಲೆಹಿಟ್ಟಿನ ಝುಣಕ ಒಂದು ಕಡೆ ಗಂಟು, ಒಂದು ಕಡೆ ನೀರು. ಮಧ್ಯಾಹ್ನ ಅಂಗಡಿಯಿಂದ ಬಂದ ವಿಜಯಕುಮಾರ ರೊಟ್ಟಿಯನ್ನು ಎತ್ತಿ ಹಿಡಿದು ನೋಡಿದ.

"ರೊಟ್ಟಿ ಯಾಕ ಹಿಂಗಾಗ್ಯಾವು?"

"ನಾಳಿಂದ ನೀವ ಬಡೀರಿ, ಪಪ್ಪಾ," ಎಂದಳು ರೂಪಾಲಿ.

ಅಪ್ಪನ ಜೊತೆ ಹೀಗೆ ಮಾತಾಡುತ್ತಾರೇನು ಎಂದು ರುಕ್ಮವ್ವ ಮೊಮ್ಮಗಳನ್ನು ಬೈದಳು. ಮರುಗಳಿಗೆ ಮಗನ ಮೇಲೆ ತಿರುಗಿ, ಹದಿನೆಂಟು ವರ್ಷ ತಿಂದ ರೊಟ್ಟಿಗೆ ಒಂದು ದಿನವಾದರೂ ಚಲೋ ಆಗ್ಯಾವು ಅಂದಿದ್ದಿಯೇನು ಎಂದು ಕೇಳಿದಳು. ವಿಜಯಕುಮಾರ ತಲೆ ಬಗ್ಗಿಸಿ ಉಂಡ. ಗುರುಲಿಂಗಪ್ಪ ಎದ್ದು ತನ್ನ ತಾಟನ್ನು ತಾನೇ ಬಚ್ಚಲಿಗೆ ಒಯ್ದು ತೊಳೆದಿಟ್ಟ. ಅದನ್ನು ಕಂಡು ರೂಪಾಲಿ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು.

ಸಂಜೆ ಸೊಸೆ ಬರುವ ಹೊತ್ತಿಗೆ ರುಕ್ಮವ್ವ ಹಂಡೆಯಲ್ಲಿ ನೀರು ಕಾಯಿಸಿಟ್ಟಿದ್ದಳು, ಅನ್ನಕ್ಕೆ ತುಪ್ಪ ತೆಗೆದಿಟ್ಟಿದ್ದಳು. ಬಂದ ಕೂಡಲೆ ಕೈಯಿಂದ ಚೀಲ ಇಸಿದುಕೊಳ್ಳಲು ಹೋದಳು.

"ನಾ ಬೀಗರ ಮನಿಯಿಂದ ಬಂದಾಕಿ ಅಲ್ರಿ, ಅತ್ತಿ," ಎಂದು ವಿದ್ಯಾವತಿ ಚೀಲ ಬಿಡಲಿಲ್ಲ. ಬಟ್ಟೆ ಬದಲಿಸಿ ಸೀದಾ ಎಮ್ಮೆ ಹಿಂಡಲು ಹೋದಳು. ತುಪ್ಪವನ್ನು ಮಗಳ ತಾಟಿಗೆ ಹಾಕಿದಳು.

ಹೀಗೇ ಎರಡು ಮೂರು ವಾರ ನಡೆಯಿತು. ಸೊಸೆಯ ಪಾಲಿನ ಕೆಲಸವನ್ನು ರುಕ್ಮವ್ವ ವಾರದ ನಡುವೆಯೂ ಕಸಿದುಕೊಳ್ಳುತ್ತಿದ್ದಳು. ಮುಸುರೆ ತಿಕ್ಕಲು ಕೂರುತ್ತಿದ್ದಳು, ಎದ್ದೇಳಲಾರದೆ ರೂಪಾಲಿಯನ್ನು ಕರೆಯುತ್ತಿದ್ದಳು. ಅದರಿಂದ ವಿದ್ಯಾವತಿಗೆ ಕೆಲಸ ಕಡಿಮೆಯಾಗಲಿಲ್ಲ, ಸಂಕೋಚ ಹೆಚ್ಚಾಯಿತು. ನೀವು ಹೀಗೆ ಮಾಡಿದರೆ ನಾನು ಹೋಗುವುದನ್ನೇ ಬಿಡುತ್ತೇನೆ ಎಂದು ಒಂದು ದಿನ ಅವಳು ಗಟ್ಟಿಯಾಗಿಯೇ ಹೇಳಬೇಕಾಯಿತು. ಅಂದಿನಿಂದ ರುಕ್ಮವ್ವ ಮುಸುರೆಯ ತಂಟೆಗೆ ಹೋಗಲಿಲ್ಲ.

ರೂಪಾಲಿಗೆ ಬೇರೆಯದೇ ಕುತೂಹಲ. ತಾಯಿಯ ಆ ಕುಣಿತವನ್ನು ಆಗ ಯಾರೂ ಮೊಬೈಲಿನಲ್ಲಿ ಹಿಡಿದಿರಲಿಲ್ಲ. ಮಾಸ್ತರರ ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಮುಖ ಅಲುಗಿ ಮಸುಕಾಗಿತ್ತು. ಮದುವೆಗೆ ಮೊದಲು ವಿಜಯಕುಮಾರನಾಗಲಿ ಗುರುಲಿಂಗಪ್ಪನಾಗಲಿ ವಿದ್ಯಾವತಿಯ ಕುಣಿತ ಕಂಡವರಲ್ಲ, ಆಮೇಲಂತೂ ಕಾಣುವ ಮಾತೇ ಬರಲಿಲ್ಲ.

"ಮನ್ಯಾಗ ನೋಡಿದಾಕಿ ನೀ ಒಬ್ಬಾಕಿನ, ಆಯಿ," ಎಂದು ರೂಪಾಲಿ ಅಜ್ಜಿಯ ಬೆನ್ನು ಹತ್ತಿದಳು. "ಈಗ್ಯಾಕ ಬರೂದಿಲ್ಲ ನೀ?"

ಅಷ್ಟು ಚಲೋ ನೋಡಿದ ಮೇಲೆ ಎರಡನೇ ಸಲ ನೋಡಬಾರದು ಎಂದಳು ರುಕ್ಮವ್ವ. ಹಬ್ಬದ ಹೋಳಿಗೆಯನ್ನು ಮರುದಿನ ಬಿಸಿ ಮಾಡಿ ತಿಂದ ಹಾಗೆ, ಇದ್ದ ರುಚಿಯೂ ಕೆಡುತ್ತದೆ. ಪಡಸಾಲೆಯ ಕಂಬಕ್ಕೆ ಒರಗಿದ್ದ ಗುರುಲಿಂಗಪ್ಪ ಕಣ್ಣು ಮುಚ್ಚಿಕೊಂಡೇ, ಮರುದಿನದ ಹೋಳಿಗೆಗೆ ಹಾಲು ಹಾಕಿ ತಿಂದರೆ ಹಬ್ಬದ ದಿನಕ್ಕಿಂತ ಚಲೋ ಎಂದ. ರೂಪಾಲಿ ಚಪ್ಪಾಳೆ ತಟ್ಟಿದಳು. ರುಕ್ಮವ್ವ ಎದ್ದು ಮಾಳಿಗೆಗೆ ಹೋದಳು.

ಮೇಲೆ ಒಣಹಾಕಿದ ಮೆಣಸಿನಕಾಯಿಯ ಆಚೆ ವಿದ್ಯಾವತಿ ನಿಂತಿದ್ದಳು. ಸೀರೆಯ ಸೆರಗು ನಡುವಿಗೆ ಸಿಕ್ಕಿಸಿ, ಎರಡೂ ತೋಳು ಅಗಲಿಸಿ, ಅಂಗೈ ಸ್ವಲ್ಪ ಕೆಳಗೆ ಬಾಗಿಸಿ, ಅಲುಗದೆ. ರುಕ್ಮವ್ವ ಮೆಟ್ಟಿಲ ಮೇಲೆಯೇ ನಿಂತು ಕಾಯ್ದಳು. ಸೊಸೆಯ ತೋಳು ಸಣ್ಣಗೆ ನಡುಗುತ್ತಿತ್ತು. ಆದರೂ ಇಳಿಯಲಿಲ್ಲ.

"ಏನ್ ಮಾಡಾಕತ್ತಿ?"

"ಗುಡ್ಡ ಆಗಾಕತ್ತೀನ್ರಿ."

"ಗುಡ್ಡಕ್ಕ ಎಂಥಾ ಕುಣಿತ?"

"ಕುಣಿತ ಇಲ್ರಿ. ನಿಲ್ಲೂದು. ಅದ ಕಷ್ಟ."

ರುಕ್ಮವ್ವ ಮೆಣಸಿನಕಾಯಿ ತಿರುವಿ ಹಾಕಿ ಕೆಳಗಿಳಿದಳು. 

ಸಂಕ್ರಮಣದ ಎಳ್ಳು ಬೆಲ್ಲ ಹಂಚುವ ಹೊತ್ತಿಗೆ ಶೇಗಾಂವದಿಂದ ಮಗಳು ನಂದಾ ಬಂದಳು. ಅವಳು ವಿಜಯಕುಮಾರನ ಅಕ್ಕ. ಮಾತು ಜೋರು, ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ಚೊಚ್ಚಲ ಬಸುರಿಯಾದ ತನ್ನ ಮಗಳಿಗೆ ಕುಬುಸ ಮಾಡುವ ದಿನ ಗೊತ್ತು ಮಾಡಿಕೊಂಡು ಬಂದಿದ್ದಳು. ಸೋದರಮಾವನ ಮನೆಯಿಂದ ಸೀರೆ ಕುಬುಸ ಹೋಗಬೇಕು, ಸೋದರಮಾವನ ಹೆಂಡತಿಯೇ ಹಸಿರು ಬಳೆ ಇಡಿಸಿ ಉಡಿ ತುಂಬಬೇಕು. ದಿನ ಯಾವುದೆಂದು ಕೇಳಿದರೆ, ಪ್ರದರ್ಶನವಿದ್ದ ದಿನವೇ.

ವಿದ್ಯಾವತಿ ಹೇಳುವ ಮೊದಲೇ ರೂಪಾಲಿ ಹೇಳಿಬಿಟ್ಟಳು. ನಂದಾ ಮೊದಲು ಚೇಷ್ಟೆಯೆಂದುಕೊಂಡಳು, ಆಮೇಲೆ ಎಲ್ಲರ ಮುಖ ನೋಡಿ ದನಿ ಏರಿಸಿದಳು. ಅಡುಗೆಯ ಭಟ್ಟಿಯವರಿಗೆ ಹೇಳಿಯಾಗಿದೆ, ಬೀಗರಿಗೆ ತಿಳಿಸಿಯಾಗಿದೆ, ದಿನ ಬದಲಿಸಲಾಗದು. ಚೊಚ್ಚಲ ಬಸುರಿಗಿಂತ ಕುಣಿತ ದೊಡ್ಡದೇ? ತಾಯಿಯ ಕಡೆ ತಿರುಗಿ ಅವಳು ಅಂದದ್ದು ಎಲ್ಲರಿಗೂ ಕೇಳಿಸಿತು.

"ಅವ್ವಾ, ನಮ್ಮ ಮನಿ ಸೊಸಿ ಮಂದಿ ಮುಂದ ಕುಣಿಯೂದು ಬ್ಯಾಡ ಅಂತ ಆವತ್ತ ಟೀಚರ್‌ನ ಹೊಳ್ಳಿ ಕಳಿಸಿದಾಕಿ ನೀನ. ಈಗೇನಾತು ನಿನಗ?"

 ವಿದ್ಯಾವತಿ ಎಳ್ಳಿನ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಹದಿನೆಂಟು ವರ್ಷ ಯಾರೂ ಆಡದ ಮಾತನ್ನು ಹೊರಗೆ ಮದುವೆ ಮಾಡಿಕೊಟ್ಟ ಮಗಳು ಬಂದು ಆಡಿದ್ದಳು.  ರುಕ್ಮವ್ವ ಯಾರ ಮುಖವನ್ನೂ ನೋಡದೆ ಹೇಳಿದಳು:

"ಹೌದು, ಕಳಿಸಿದೆ. ಇನ್ನೊಮ್ಮಿ ಕಳಿಸಾಂಗಿಲ್ಲ. ನಿನ್ನ ಮಗಳಿಗೆ ಬಳಿ ನಾ ಬಂದು ಇಡಸ್ತೀನಿ. ವಿದ್ಯಾ ವಿಜಾಪುರಕ್ಕ ಹೋಗ್ತಾಳ."

ಅಜ್ಜಿ ಬಳೆ ಇಡಿಸುವುದು ಬೇರೆ, ಸೋದರಮಾವನ ಹೆಂಡತಿ ಇಡಿಸುವುದು ಬೇರೆ ಎಂದು ನಂದಾ ವಾದ ಮಾಡಿದಳು, ಅತ್ತಳು, ಚಹಾ ಬೇಡವೆಂದಳು. ಮಧ್ಯಾಹ್ನದ ಜೀಪಿಗೆ ಹೊರಟು ನಿಂತಾಗ ಗುರುಲಿಂಗಪ್ಪ ಅವಳ ಕೈಗೆ ಎಳ್ಳು ಬೆಲ್ಲ ಇಟ್ಟು, ಒಳ್ಳೆ ಮಾತಾಡು ತಂಗಿ ಎಂದ. ಅದನ್ನು ಮಾತ್ರ ಬೇಡವೆನ್ನಲಾಗದೆ ಅವಳು ತಿಂದಳು.

ಮಗಳನ್ನು ಬಸ್ ನಿಲ್ದಾಣದವರೆಗೆ ಕಳಿಸಿ ಬಂದ ರುಕ್ಮವ್ವ ತಾನೊಂದು ದೊಡ್ಡ ಕೆಲಸ ಮಾಡಿದೆನೆಂದೇ ಅಡುಗೆಮನೆಗೆ ಹೋದಳು. ವಿದ್ಯಾವತಿ ತೊಗರಿಬೇಳೆ ಆರಿಸುತ್ತಿದ್ದಳು. ಅತ್ತೆಗೆ ಮಣೆ ಸರಿಸಿದಳು, ಆದರೆ ಮುಖ ಎತ್ತಲಿಲ್ಲ. ಬೇಳೆ ಆರಿಸುತ್ತಲೇ ಕೇಳಿದಳು:

"ಶೇಗಾಂವಕ್ಕ ಹೋದ್ರ ನೀವು ಆಟ ನೋಡೂದು ತಪ್ಪತದ. ಅಲ್ರಿ?"

ರುಕ್ಮವ್ವ ಮಣೆಯ ಮೇಲೆ ಕೂತು ತಾನೂ ಬೇಳೆಗೆ ಕೈ ಹಾಕಿದಳು.

"ನನ್ನನ್ನ ಕಳಿಸಿ ನೀವು ಪಾರಾದ್ರಿ," ಎಂದಳು ವಿದ್ಯಾವತಿ.

"ಅಷ್ಟು ಚಲೋ ಮಾಡಿದ್ದಿ ನೀ. ಆ ಜಾಗಾದಾಗ ಇನ್ನೊಬ್ಬಾಕಿನ್ನ ಹ್ಯಾಂಗ ನೋಡ್ಲಿ?"

"ನೀವರ ನೋಡೀರಿ. ನಾ ಒಮ್ಮೇನೂ ನೋಡಿಲ್ಲ." ವಿದ್ಯಾವತಿ ಬೇಳೆಯಲ್ಲಿದ್ದ ಒಂದು ಹರಳನ್ನು ಎತ್ತಿ ಹೊರಗೆಸೆದಳು. "ನಾ ಅದರಾಗ ಇದ್ದೆ. ಡೋಣಿ ಹೊಳ್ಳಿ ನೋಡಿದ್ಲು ಅಂತ ಎಲ್ಲಾರು ಹೇಳ್ತಾರ. ಆಕಿ ಹ್ಯಾಂಗ ಕಾಣತಾಳ ಅಂತ ನನಗ ಗೊತ್ತಿಲ್ಲ. ಗುಡ್ಡದ ಪಾತ್ರಾ ಮಾಡಿದ್ರ ಹಿಂದ ನಿಂತು ಪೂರಾ ನೋಡಾಕ ಸಿಗತದ. ಅದಕ್ಕ ಹೂಂ ಅಂದೀನಿ."

ಇಷ್ಟು ಉದ್ದದ ಮಾತನ್ನು ಅವಳು ಅತ್ತೆಯ ಎದುರು ಹಿಂದೆಂದೂ ಆಡಿರಲಿಲ್ಲ. ಆಡಿ ಮುಗಿಸಿ ಬೇಳೆಯನ್ನು ಡಬ್ಬಿಗೆ ಸುರಿದು ಎದ್ದು ಹೋದಳು. ರುಕ್ಮವ್ವ ಮಣೆಯ ಮೇಲೆ ಕೂತೇ ಇದ್ದಳು, ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ಗಮನಕ್ಕೆ ಬರಲಿಲ್ಲ.

ಮರುದಿನ ವಿಜಯಕುಮಾರ ಅಂಗಡಿಯಿಂದಲೇ ಅಕ್ಕನಿಗೆ ಫೋನು ಮಾಡಿದ. ಬಹಳ ಹೊತ್ತು ಮಾತಾಡಿದ. ಕಡೆಗೆ ಕುಬುಸದ ಶಾಸ್ತ್ರವನ್ನು ಬೆಳಗ್ಗೆ ಬೇಗ ಇಟ್ಟುಕೊಳ್ಳಲು ನಂದಾ ಒಪ್ಪಿದಳು. ಎಲ್ಲರೂ ಶೇಗಾಂವಕ್ಕೆ ಹೋಗುವುದು, ವಿದ್ಯಾವತಿಯೇ ಬಳೆ ಇಡಿಸುವುದು, ಉಡಿ ತುಂಬಿದ ಕೂಡಲೆ ಬಾಡಿಗೆ ಜೀಪಿನಲ್ಲಿ ವಿಜಯಪುರದ ದಾರಿ ಹಿಡಿಯುವುದು. ಇದನ್ನು ಮೊದಲ ದಿನವೇ ಯಾರೂ ಯೋಚಿಸಲಿಲ್ಲವಲ್ಲ ಎಂದು ಗುರುಲಿಂಗಪ್ಪ ನಕ್ಕ. ತಾನು ಎಮ್ಮೆಗಳ ಹತ್ತಿರ ಉಳಿಯುತ್ತೇನೆಂದ. ಹಾಗಾದರೆ ಜೀಪಿನಲ್ಲಿ ನಾಲ್ಕು ಜನ ಎಂದು ವಿಜಯಕುಮಾರ ಎಣಿಸಿದಾಗ ರುಕ್ಮವ್ವ ಬೇಡವೆನ್ನಲಿಲ್ಲ.

ಶೇಗಾಂವದಲ್ಲಿ ಬಸುರಿಯ ಕೈಗೆ ಬಳೆ ಇಡಿಸುವಾಗ ವಿದ್ಯಾವತಿ ಅವಸರ ಮಾಡಲಿಲ್ಲ. ಒಂದು ಬಳೆಯೂ ಒಡೆಯಲಿಲ್ಲ. ಹೊರಡುವಾಗ ನಂದಾ ಮುಖ ಬಿಗಿಹಿಡಿದುಕೊಂಡೇ ಬುತ್ತಿಯ ಗಂಟು ತಂದು ಜೀಪಿನೊಳಗಿಟ್ಟಳು. ಕುಣಿಯುವವರು ಹಸಿದು ಕುಣಿಯಬಾರದು ಎಂದಳು. ದಾರಿಯಲ್ಲಿ ಗಂಟು ಬಿಚ್ಚಿದರೆ ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ. ವಿದ್ಯಾವತಿ ಅರ್ಧ ಹೋಳಿಗೆ ತಿಂದಳು. ಉಳಿದದ್ದನ್ನು ಅವಳ ಮಡಿಲಿಗೆ ತುರುಕಲು ಹೋದ ರುಕ್ಮವ್ವ ಕೈ ಹಿಂದೆಗೆದುಕೊಂಡಳು.

ಸಭಾಗೃಹದಲ್ಲಿ ಅವರಿಗೆ ನಡುವಿನ ಸಾಲಿನಲ್ಲಿ ಜಾಗ ಸಿಕ್ಕಿತು. ಒಂದು ಬದಿಗೆ ಮೊಮ್ಮಗಳು, ಇನ್ನೊಂದು ಬದಿಗೆ ಮಗ. ಪರದೆ ಸರಿದಾಗ ರುಕ್ಮವ್ವ ಕಣ್ಣು ಕೆಳಗೆ ಹಾಕಿದಳು. ಗೆಜ್ಜೆಯ ಸದ್ದು ಬಂದ ಮೇಲೆ ಎತ್ತಿದಳು.

ಡೋಣಿಯ ಪಾತ್ರದ ಹುಡುಗಿ ಚುರುಕಾಗಿದ್ದಳು, ತೆಳ್ಳಗಿದ್ದಳು. ಕಲ್ಲಿನಿಂದ ಕಲ್ಲಿಗೆ ಜಿಗಿಯುವಾಗ ಪಾದ ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ರುಕ್ಮವ್ವ ಅವಳಲ್ಲಿ ತಪ್ಪು ಹುಡುಕಿದಳು. ಹುಡುಕುತ್ತಿದ್ದೇನೆಂದು ಅರಿವಾಗಿ ನಾಚಿಕೊಂಡಳು. ಹಿಂದೆ, ಮಂದ ಬೆಳಕಿನಲ್ಲಿ, ಮಣ್ಣಿನ ಬಣ್ಣದ ಸೀರೆಯುಟ್ಟು ವಿದ್ಯಾವತಿ ತೋಳು ಅಗಲಿಸಿ ನಿಂತಿದ್ದಳು. ಹುಡುಗಿ ಎಲ್ಲಿ ಹೋದರೂ ಗುಡ್ಡದ ಮುಖ ಅವಳ ಹಿಂದೆ ಸ್ವಲ್ಪವೇ ತಿರುಗುತ್ತಿತ್ತು.

"ಅವ್ವಾ," ಎಂದು ವಿಜಯಕುಮಾರ ಬಗ್ಗಿ ಪಿಸುಗುಟ್ಟಿದ. "ಆಗ ಈ ಹುಡುಗಿ ಜಾಗಾದಾಗ ಇಕಿನ ಇದ್ದಳೇನು?"

"ಹೂಂ."

"ನೀ ನನಗ ಹೇಳ್ಲಿಲ್ಲ."

"ಹೇಳಿದ್ದೆ."

"ಹಿಂಗ ಅಂತ ಹೇಳ್ಲಿಲ್ಲ."

ಅವನು ಮತ್ತೆ ವೇದಿಕೆಯ ಕಡೆ ತಿರುಗಿದ.  ಸೊಸೆಯಿಂದ ಕಿತ್ತುಕೊಂಡದ್ದು ರುಕ್ಮವ್ವನಿಗೆ ಗೊತ್ತಿತ್ತು. ಮಗನಿಂದಲೂ ಕಿತ್ತುಕೊಂಡಿದ್ದೆ ಎಂಬುದು ಇವತ್ತೇ ಗೊತ್ತಾದದ್ದು.

ಕೊನೆಗೆ ಕೃಷ್ಣೆಯ ದಂಡೆ ಬಂತು. ಹುಡುಗಿ ಒಂದು ಕಾಲನ್ನು ಮುಂದಿಟ್ಟಳು. ಕತ್ತು ತಿರುಗಿಸಿದಳು. ರುಕ್ಮವ್ವ ಅವಳ ಮುಖ ನೋಡಬೇಕೆಂದೇ ಕೂತಿದ್ದವಳು, ಆದರೆ ಆ ಹುಡುಗಿ ನೋಡಿದ ಕಡೆಗೇ ಅವಳ ಕಣ್ಣೂ ಹೋಯಿತು. ಅಲ್ಲಿ ಗುಡ್ಡ ನಿಂತಿತ್ತು. ಅಷ್ಟು ಹೊತ್ತೂ ಇಳಿಯದ ತೋಳುಗಳು ನಿಧಾನವಾಗಿ, ಬಹಳ ನಿಧಾನವಾಗಿ ಇಳಿದವು. ಅಂಗೈಗಳು ತೊಡೆಗೆ ತಾಗಿ ಖಾಲಿಯಾಗಿ ನಿಂತವು. ಅಷ್ಟೇ. ಡೋಣಿ ನೀರಿಗಿಳಿದಳು, ದೀಪ ಆರಿತು.

ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ರುಕ್ಮವ್ವ ಕೂತೇ ಇದ್ದಳು. ಅವತ್ತು ಗುಡ್ಡದ ಪಾತ್ರ ಮಾಡಿದವರು ಯಾರೆಂದು ನೆನಪಿಸಿಕೊಳ್ಳಲು ಯತ್ನಿಸಿದಳು. ಬರಲಿಲ್ಲ. ಅವತ್ತು ಅವಳು ಗುಡ್ಡದ ಕಡೆ ನೋಡಿಯೇ ಇರಲಿಲ್ಲ. ಆಮೇಲೆ ಗಾಬರಿಯಾಗಿ ಹಳೆಯ ಡೋಣಿಯನ್ನು, ಇಪ್ಪತ್ತೊಂದರ ವಿದ್ಯಾವತಿಯನ್ನು ಕಣ್ಣೆದುರು ತಂದುಕೊಳ್ಳಲು ಹೋದಳು. ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ನಿದ್ದೆ ಬಾರದಾಗ, ಅಷ್ಟು ವರ್ಷ ಕರೆದಾಗಲೆಲ್ಲ ಬರುತ್ತಿದ್ದವಳು. ಈಗ ಬರಲಿಲ್ಲ. ಹೆದರಿದ್ದಂತೆಯೇ ಆಗಿತ್ತು. ಕಣ್ಣು ಮುಚ್ಚಿದರೆ ಖಾಲಿ ಕೈಯ ಈ ಹೆಂಗಸೊಬ್ಬಳೇ ನಿಂತಿದ್ದಳು, ನಡು ದಪ್ಪಗಾದವಳು, ಕಿವಿಯ ಹತ್ತಿರ ಬೆಳ್ಳಗಾದವಳು.

ವಿಜಯಕುಮಾರ ಮತ್ತು ರೂಪಾಲಿ ಜೀಪಿನಲ್ಲೇ ಊರಿಗೆ ಹೊರಟರು. ಬಣ್ಣ ಅಳಿಸಿ ಹೊರಡುವಷ್ಟರಲ್ಲಿ ತಡವಾಗುತ್ತಿದ್ದರಿಂದ ವಿದ್ಯಾವತಿ ಆ ರಾತ್ರಿ ವಿಜಯಪುರದಲ್ಲೇ ತೌರಿನಲ್ಲಿ ಉಳಿಯುವವಳಿದ್ದಳು. ನಾನೂ ಇಕಿ ಜೊತೆಗೇ ಬರುತ್ತೇನೆ ಎಂದು ರುಕ್ಮವ್ವ ಉಳಿದಳು. ವಿದ್ಯಾವತಿಯ ಅಣ್ಣನ ಮನೆಯಲ್ಲಿ ಅವರಿಬ್ಬರಿಗೂ ಒಂದೇ ಕೋಣೆಯಲ್ಲಿ ಹಾಸಿದರು. 

ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಉಟಗಿಯ ಬಸ್ಸು ಇನ್ನೂ ಬಂದಿರಲಿಲ್ಲ. ವಿದ್ಯಾವತಿ ಎರಡು ಚಹಾ ತಂದು ಒಂದನ್ನು ಅತ್ತೆಯ ಕೈಗಿತ್ತು ಬೆಂಚಿನ ಮೇಲೆ ಕೂತಳು. ಹಣೆಯ ಅಂಚಿನಲ್ಲಿ ನಿನ್ನೆಯ ಬಣ್ಣ ಇನ್ನೂ ಉಳಿದಿತ್ತು. ಹುಡುಗಿ ಚಲೋ ಮಾಡಿದಳು, ನನಗಿಂತ ಚಲೋ ಮಾಡಿದಳು ಎಂದು ತಾನಾಗಿಯೇ ಹೇಳಿದಳು. ಡೋಣಿ ತಿರುಗಿ ನೋಡಿದಾಗ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ ಎಂದಳು. ಅವಳ ದನಿ ಹಗುರವಾಗಿತ್ತು. ಅದನ್ನು ಕೇಳುತ್ತ ರುಕ್ಮವ್ವ ಚಹಾದ ಕಪ್ಪನ್ನು ಮಡಿಲಿಗೆ ಇಳಿಸಿದಳು.

"ಆವತ್ತ ಟೀಚರ್ ಬಂದಾಗ ನಿನ್ನ ಕೇಳಲಾರ್ದ ಹೇಳಿ ಕಳಿಸಿದೆ," ಎಂದಳು. "ತಪ್ಪಾತು, ವಿದ್ಯಾ."

ವಿದ್ಯಾವತಿ ಎದುರಿಗೆ ನಿಂತ ಬಸ್ಸುಗಳ ಕಡೆ ನೋಡುತ್ತಿದ್ದಳು.

"ಹೌದ್ರಿ," ಎಂದಳು. "ತಪ್ಪಾತು."

ಹೋಗಲಿ ಬಿಡ್ರಿ ಎಂದು ಅವಳು ಅಂದಾಳೆಂದು ರುಕ್ಮವ್ವ ಕಾದಳು. ಅವಳು ಅನ್ನಲಿಲ್ಲ. ಅನ್ನುವುದೂ ಇಲ್ಲ ಎಂದು ತಿಳಿದ ಮೇಲೆ ರುಕ್ಮವ್ವ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. ಅಳು ಬಂತು, ಸೆರಗಿನಿಂದ ಒರೆಸಿಕೊಂಡಳು. ವಿದ್ಯಾವತಿ ನೋಡಿದರೂ ಸಮಾಧಾನ ಹೇಳಲಿಲ್ಲ, ಎದ್ದು ದೂರವೂ ಹೋಗಲಿಲ್ಲ. ಖಾಲಿ ಕಪ್ಪನ್ನು ಅತ್ತ ಇಟ್ಟು ಬರಲು ಕೈ ಚಾಚಿದಳು.

ಬಸ್ಸು ಬಂತು. ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಊರು ದಾಟಿ ಎರೆಹೊಲಗಳು ಶುರುವಾದ ಮೇಲೆ ವಿದ್ಯಾವತಿ ಹೇಳಿದಳು, ಮುಂದಿನ ತಿಂಗಳು ಸೊಲ್ಲಾಪುರದಲ್ಲಿ ಮತ್ತೆ ಇದೆಯಂತೆ, ತಾನು ಬರುತ್ತೇನೆಂದು ಟೀಚರ್‌ಗೆ ಹೇಳಿಯಾಗಿದೆಯಂತೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಈ ಸಲ ಅವಳು ಅಂದಿರಲಿಲ್ಲ. ಅದು ರುಕ್ಮವ್ವನ ಗಮನಕ್ಕೆ ಬಂತು.

"ನೀವು ಬರ್ತೀರೇನು?" ಎಂದು ವಿದ್ಯಾವತಿ ಕೇಳಿದಳು.

ರುಕ್ಮವ್ವ ಕಿಟಕಿಯಾಚೆ ನೋಡಿದಳು. ಮತ್ತೆ ಆ ಕತ್ತಲಲ್ಲಿ ಕೂರಬೇಕು, ಮತ್ತೆ ಆ ಕೈಗಳು ಇಳಿಯುವುದನ್ನು ನೋಡಬೇಕು.

"ಬರ್ತೀನಿ," ಎಂದಳು. "ಆದ್ರ ಮುಂದಿನ ಸಾಲಿನಾಗ ಕುಂದ್ರಸು. ಗುಡ್ಡ ಭಾಳ ಹಿಂದ ನಿಂದರತದ, ನನಗ ಚಂದಂಗ ಕಾಣ್ಲಿಲ್ಲ."